ಹಾರ್ಡ್ ಡಿಸ್ಕ್ ಕೈಕೊಟ್ಟಾಗ: ರಿಪೇರಿಯೋ, ಹೊಸದೋ?

ಮೊದಲು ಒಂದು ಪ್ರಶ್ನೆ. ಡಿಸ್ಕಿನಲ್ಲಿರುವ ಫೈಲುಗಳ ಇನ್ನೊಂದು ಪ್ರತಿ ಬೇರೆಲ್ಲಾದರೂ ಇದೆಯೇ? ಇದ್ದರೆ ಹೆಚ್ಚು ಯೋಚಿಸಬೇಡಿ: ವಾರಂಟಿ ಇದ್ದರೆ ಬದಲಿ ಪಡೆಯಿರಿ, ಮುಗಿದಿದ್ದರೆ ಹೊಸದು ತನ್ನಿ. ಪ್ರತಿ ಇಲ್ಲದಿದ್ದಾಗ ಮಾತ್ರ ರಿಪೇರಿಯ ಮಾತು, ಅದೂ ಫೈಲು ಹೊರತೆಗೆಯುವ ಮಟ್ಟಿಗೆ. ಒಳಗೆ ಕೆಟ್ಟ ಡಿಸ್ಕನ್ನು ಮತ್ತೆ ದಿನನಿತ್ಯದ ಕೆಲಸಕ್ಕೆ ಹಚ್ಚಬಾರದು.

ಪವರ್ ಕೊಟ್ಟು ಕಿವಿಗೊಡಿ. ಟಕ್ ಟಕ್ ಎಂದು ಒಂದೇ ಸಮನೆ ಬಡಿಯುತ್ತಿದ್ದರೆ ಆ ಕ್ಷಣವೇ ಕಿತ್ತುಬಿಡಿ. ಒಳಗೆ ತಿರುಗುವ ತಟ್ಟೆಯಿಂದ ಡೇಟಾ ಓದುವ ಹೆಡ್ ಹಾಳಾಗಿರುವ ಲಕ್ಷಣ ಅದು. ತಟ್ಟೆ ತಿರುಗಿದಷ್ಟೂ ಮೇಲಿನ ಲೇಪ ಕೆರೆದುಹೋಗುವ ಅಪಾಯ, ಲೇಪ ಹೋದರೆ ಡೇಟಾವೂ ಹೋಯಿತು. ಸಣ್ಣಗೆ ಬೀಪ್ ಎನ್ನುತ್ತಿದ್ದರೆ ಮೋಟರ್ ತಿರುಗಲಾಗದೆ ಒದ್ದಾಡುತ್ತಿದೆ. ಎರಡೂ ಧೂಳಿಲ್ಲದ ಕ್ಲೀನ್‌ರೂಮ್ ಇರುವ ಡೇಟಾ ರಿಕವರಿಯವರ ಕೆಲಸ. ಹೆಡ್ಡಿಗೂ ತಟ್ಟೆಗೂ ನಡುವಿನ ಅಂತರ ಕೆಲವೇ ನ್ಯಾನೋಮೀಟರ್, ಹಾಗಾಗಿ ಮನೆಯಲ್ಲಿ ಮುಚ್ಚಳ ಬಿಚ್ಚಿದರೆ ಒಂದು ಧೂಳಿನ ಕಣ ಸಾಕು. ಫ್ರೀಜರಿನಲ್ಲಿಟ್ಟರೆ ತಟ್ಟೆಯ ಮೇಲೆ ನೀರಾಡಬಹುದು, ದಯವಿಟ್ಟು ಬೇಡ.

ಸದ್ದು ಸಹಜವಾಗಿದ್ದರೆ ಕೇಬಲ್, ಪೋರ್ಟ್ ಬದಲಿಸಿ ನೋಡಿ. ನಂತರ ಡಿಸ್ಕಿನ ಆರೋಗ್ಯ ತೋರಿಸುವ ವಿಂಡೋಸ್ ಪ್ರೋಗ್ರಾಂ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆಯಿರಿ. ಅದು ರಾ ವ್ಯಾಲ್ಯೂಗಳನ್ನು, ಅಂದರೆ ಡಿಸ್ಕ್ ತಾನೇ ಇಟ್ಟ ಎಣಿಕೆಗಳನ್ನು, 16ರ ಲೆಕ್ಕದ ಹೆಕ್ಸ್‌ನಲ್ಲಿ ತೋರಿಸುತ್ತದೆ, 10 ಎಂದಿದ್ದರೆ ನಿಜಕ್ಕೂ 16. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ನಲ್ಲಿ ಡೆಸಿಮಲ್‌ಗೆ ಬದಲಿಸಿಕೊಳ್ಳಿ. ಅಲ್ಲಿನ ಸಿ7 ಸಾಲು, ಅಂದರೆ ಡೇಟಾ ಸಾಗುವಾಗಿನ ತಪ್ಪುಗಳ ಎಣಿಕೆ, ಮಾತ್ರ ಏರಿದ್ದರೆ ಸಾಮಾನ್ಯವಾಗಿ ತಪ್ಪು ಕೇಬಲ್ಲಿನದು. ಆ ಸಂಖ್ಯೆ ಇಳಿಯುವುದಿಲ್ಲ, ಕೇಬಲ್ ಬದಲಿಸಿದ ಮೇಲೆ ಏರದಿದ್ದರೆ ಸಾಕು. 05 ಎಂದರೆ ಡಿಸ್ಕ್ ಈಗಾಗಲೇ ಕೈಬಿಟ್ಟು ಬದಲಿ ಕೊಟ್ಟಿರುವ ಸೆಕ್ಟರುಗಳು (ಡೇಟಾ ಬರೆಯುವ ಸಣ್ಣ ತುಂಡುಗಳು), ಸಿ5 ಎಂದರೆ ಓದಲು ಒದ್ದಾಡುತ್ತಿರುವವು. ಇವು ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕಿನ ಆಯಸ್ಸು ಮುಗಿಯಿತೆಂದೇ ತಿಳಿಯಿರಿ. ಬರೆಯುತ್ತಿರುವಾಗ ಕರೆಂಟ್ ಹೋಗಿಯೂ ಸಿ5 ಒಂದೆರಡು ಬರುವುದುಂಟು. ಫೈಲು ತೆಗೆದಿಟ್ಟು ಇಡೀ ಡಿಸ್ಕಿಗೆ ಸೊನ್ನೆ ಬರೆದಾಗ ಅದು ಅಳಿದು 05 ಏರದಿದ್ದರೆ, ಹೋದರೂ ನಷ್ಟವಿಲ್ಲದ ಸಿನಿಮಾ ತುಂಬಲು ಇಟ್ಟುಕೊಳ್ಳಬಹುದು.

ಪ್ರತಿ ಮಾಡುವಾಗ ಫೈಲು ಫೈಲಾಗಿ ಎಳೆಯಬೇಡಿ. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವಿನಿಂದ ಓಡುವ ಲಿನಕ್ಸ್ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಅಷ್ಟೇ ಅಥವಾ ಹೆಚ್ಚು ಗಾತ್ರದ ಡಿಸ್ಕಿಗೆ ಓದಲಾದಷ್ಟನ್ನೂ ನಕಲಿಸುವ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಓಡಿಸಿ. ಎಲ್ಲಿಯವರೆಗೆ ಆಯಿತೆಂದು ಬರೆದಿಡುವ ಮ್ಯಾಪ್ ಫೈಲ್ ಕೊಡಲೇಬೇಕು, ಅದಿಲ್ಲದೆ ನಡುವೆ ನಿಂತರೆ ಮತ್ತೆ ಮೊದಲಿನಿಂದ. ಮೊದಲ ಸುತ್ತು ಸುಲಭವಾಗಿ ಬರುವ ಭಾಗಕ್ಕೆ, ಎರಡನೆಯದರಲ್ಲಿ ಕೆಟ್ಟ ಜಾಗಗಳಿಗೆ ಮೂರು ಯತ್ನ. ವಿಂಡೋಸ್ 'ಫಾರ್ಮ್ಯಾಟ್ ಮಾಡಲೇ?' ಎಂದರೆ ಒಪ್ಪಬೇಡಿ, ತಪ್ಪು ತಿದ್ದುವ ಅದರ ಚೆಕ್‌ಡಿಸ್ಕನ್ನೂ ಓಡಿಸಬೇಡಿ. ಸಾಯುತ್ತಿರುವ ಡಿಸ್ಕಿನ ಮೇಲೆ ಅದು ಬರೆಯುತ್ತದೆ.

ಸದ್ದೂ ಇಲ್ಲ, ನಡುಕವೂ ಇಲ್ಲವೇ? 3.5 ಇಂಚಿನ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಇದಕ್ಕೊಂದು ಸಾಮಾನ್ಯ ಕಾರಣ: 12 ವೋಲ್ಟ್ ಬೇಕಾದಲ್ಲಿ 19 ವೋಲ್ಟಿನ ಲ್ಯಾಪ್‌ಟಾಪ್ ಅಡಾಪ್ಟರ್ ಚುಚ್ಚಿರುತ್ತಾರೆ. ಡಿಸ್ಕಿಗೆ ಅಂಟಿದ ಸರ್ಕ್ಯೂಟ್ ಬೋರ್ಡಿನಲ್ಲಿ ಪವರ್ ಕನೆಕ್ಟರಿನ ಹತ್ತಿರ 12 ಮತ್ತು 5 ವೋಲ್ಟಿಗೆ ಒಂದೊಂದು ಟಿವಿಎಸ್ ಡಯೋಡ್ ಇರುತ್ತದೆ. ಹೆಚ್ಚು ವೋಲ್ಟ್ ಬಂದಾಗ ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಪಾಡುತ್ತದೆ. ಪವರ್ ತೆಗೆದು ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. ಹೆಚ್ಚುಕಡಿಮೆ ಸೊನ್ನೆ ತೋರಿಸಿದ ಡಯೋಡನ್ನು ಕತ್ತರಿಸಿ ತೆಗೆದು, ಡೆಸ್ಕ್‌ಟಾಪಿನ ಸಾಟಾ ಕೇಬಲ್ಲಿಗೆ ನೇರ ಜೋಡಿಸಿದರೆ ಎಷ್ಟೋ ಡಿಸ್ಕ್ ಮತ್ತೆ ತಿರುಗುತ್ತವೆ. ಈಗ ಅದಕ್ಕೆ ರಕ್ಷಣೆಯಿಲ್ಲ, ಪ್ರತಿ ಮಾಡಿಕೊಂಡು ಪಕ್ಕಕ್ಕಿಡಿ. ಬೋರ್ಡೇ ಸುಟ್ಟಿದ್ದರೆ ಅದೇ ಮಾಡೆಲ್ಲಿನ ಬೇರೆ ಬೋರ್ಡ್ ಹಾಕಿದರೂ ಸಾಲದು. ಹೆಚ್ಚಿನ ಡಿಸ್ಕುಗಳಲ್ಲಿ ಎಂಟು ಕಾಲಿನ ಪುಟ್ಟ ಚಿಪ್ ಆಯಾ ಡಿಸ್ಕಿನ ಹೆಡ್ಡುಗಳ ಹೊಂದಾಣಿಕೆಯ ಲೆಕ್ಕ ಹಿಡಿದಿರುತ್ತದೆ, ಅದನ್ನೂ ಬಿಡಿಸಿ ಹೊಸ ಬೋರ್ಡಿಗೆ ಬೆಸೆಯಬೇಕು.

ವಾರಂಟಿಯಲ್ಲಿ ಬರುವುದು ಬೇರೆ ಡಿಸ್ಕ್, ನಿಮ್ಮ ಫೈಲು ಬರುವುದಿಲ್ಲ. ಕಳಿಸುವ ಮೊದಲೇ ಡೇಟಾ ತೆಗೆಸಿಕೊಳ್ಳಿ.

ಹೊಸದಕ್ಕೆ ವಿಂಡೋಸ್ ಹಾಕುವುದಾದರೆ ಎಸ್‌ಎಸ್‌ಡಿಯೇ ಸರಿ. ಹಾರ್ಡ್ ಡಿಸ್ಕ್ ಫೋಟೋ, ವಿಡಿಯೋ ಕೂಡಿಡಲು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಂಡ ಕೂಡಲೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ 09ರ ಸಾಲು, ಅಂದರೆ ಓಡಿದ ಗಂಟೆಗಳನ್ನು ನೋಡಿ. ಹೊಸದರಲ್ಲಿ ಅದು ಸೊನ್ನೆಯೋ ಒಂದೆರಡೋ ಇರಬೇಕು. 8,760 ಇದ್ದರೆ ಅದು ಒಂದು ವರ್ಷ ಹಗಲೂ ರಾತ್ರಿ ಓಡಿದ ಡಿಸ್ಕ್, ಅಂದೇ ವಾಪಸ್ ಕೊಡಿ.