ಆರ್15 ಬಿಟ್ಟು ಎಂಟಿ-15 ಹತ್ತುವವರಿಗೆ

ಯಮಹಾದ ಈ ಎರಡು ಬೈಕ್‌ನಲ್ಲೂ ಇರುವುದು ಅದೇ 155 ಸಿಸಿ ಎಂಜಿನ್. ಹಾಗಂತ ಹಳೇ ಥರಾನೇ ಓಡಿಸಬೇಡಿ, ಕೂರುವ ರೀತಿಯೇ ಬದಲಾಗಿದೆ.

ಆರ್15ನಲ್ಲಿ ಮುಂದಕ್ಕೆ ಬಾಗಿ ಅಂಗೈ ಮೇಲೆ ಭಾರ ಹಾಕಿ ಅಭ್ಯಾಸ ಆಗಿರುತ್ತದೆ, ಅಲ್ವಾ? ಎಂಟಿಯ ಹ್ಯಾಂಡಲ್ ಅಗಲ, ಎತ್ತರ. ಸ್ವಲ್ಪ ಒತ್ತಿದರೂ ಗಾಡಿ ತಿರುಗುತ್ತದೆ. ಮೊದಲ ವಾರ ಖಾಲಿ ಜಾಗದಲ್ಲಿ ನಿಧಾನವಾಗಿ ಎಂಟು ಹಾಕಿ. ಮೊಣಕೈ ಸಡಿಲ ಬಿಡಿ, ಮಂಡಿಯಿಂದ ಟ್ಯಾಂಕ್ ಹಿಡಿಯಿರಿ, ಕೈಗೆ ಭಾರ ಬಿದ್ದ ತಕ್ಷಣ ಹ್ಯಾಂಡಲ್ ಅಲುಗುವುದು ನಿಮಗೇ ಗೊತ್ತಾಗುತ್ತದೆ.

ಕನ್ನಡಿಗಳು ಈಗ ಹ್ಯಾಂಡಲ್ ಮೇಲಿವೆ, ಅದರ ಜೊತೆಗೇ ತಿರುಗುತ್ತವೆ. ಟ್ರಾಫಿಕ್‌ನಲ್ಲಿ ನುಗ್ಗುವ ಮುಂಚೆ ಅಗಲ ನೋಡಿಕೊಳ್ಳಿ. ಬ್ರೇಕ್, ಕ್ಲಚ್ ಲಿವರ್‌ಗಳನ್ನು ಮುಂಗೈ ನೇರ ಬರುವಂತೆ ಹೊಂದಿಸಿಕೊಳ್ಳಿ.

ಹೈವೇಯಲ್ಲಿ ಗಾಳಿಯದ್ದೇ ಕಷ್ಟ. ಫೇರಿಂಗ್ (ಗಾಳಿ ತಡೆಯುವ ಮುಂದಿನ ಹೊದಿಕೆ) ಇಲ್ಲದ ಗಾಡಿ, 90 ದಾಟಿದರೆ ಗಾಳಿ ನೇರ ಎದೆಗೆ ಬಡಿಯುತ್ತದೆ. ಒಮ್ಮೆ ತುಮಕೂರು ರಸ್ತೆಯಲ್ಲಿ ಜಾಕೆಟ್ ಜಿಪ್ ಅರ್ಧ ತೆಗೆದು ಹೋಗಿದ್ದೆ, ಒಳಗೆ ಗಾಳಿ ತುಂಬಿ ಬಲೂನಿನ ಹಾಗೆ ಉಬ್ಬಿ ನನ್ನನ್ನು ಹಿಂದಕ್ಕೆ ಎಳೆಯಿತು. ನಾನು ಹ್ಯಾಂಡಲ್ ಬಿಗಿಯಾಗಿ ಹಿಡಿದೆ, ಅದೇ ತಪ್ಪು, ಗಾಡಿ ಇನ್ನೂ ಜಾಸ್ತಿ ಓಲಾಡಿತು. ಸೊಂಟದಿಂದ ಸ್ವಲ್ಪ ಬಾಗಿ, ಕೈ ಸಡಿಲ ಬಿಡಿ. ಮೈಗೆ ಅಂಟುವ ಜಾಕೆಟ್, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಮೊದಲೇ ತಗೊಳ್ಳಿ.