ಗೇಟಿನ ಮುಂದೆ ನಿಂತು ಲೆಕ್ಕ ಬರೆಯುವುದು: ಪಶ್ಚಿಮ ದಂಡೆಗೆ ಹೋಗುವ ಸ್ವಯಂಸೇವಕರಿಗೆ

ಇಸ್ರೇಲಿನ ಹಿಡಿತದಲ್ಲಿರುವ ಪಶ್ಚಿಮ ದಂಡೆಯಲ್ಲಿ ಪ್ಯಾಲೆಸ್ತೀನಿಯರ ಓಡಾಟದ ಮೇಲಿನ ನಿರ್ಬಂಧದ ವಿರುದ್ಧ ಕೆಲಸ ಮಾಡಲು ಹೋಗುವ ಹೊರದೇಶದವರಲ್ಲಿ ಘೋಷಣೆ ಕೂಗಬಲ್ಲವರಿಗೆ ಕೊರತೆಯಿಲ್ಲ. ಕೊರತೆಯಿರುವುದು ಬೆಳಗಿನ ಜಾವ ಎದ್ದು ಹೋಗಿ, ಸೇನೆಯ ಗೇಟು ಎಷ್ಟು ಗಂಟೆಗೆ ತೆರೆಯಿತು, ಎಷ್ಟು ಜನ ದಾಟಿದರು, ಎಷ್ಟು ಜನ ಯಾವ ಕಾರಣಕ್ಕೆ ವಾಪಸಾದರು ಎಂದು ತಪ್ಪದೆ ಬರೆದಿಡುವವರಿಗೆ. ಕೋರ್ಟಿನ ಅರ್ಜಿಗೂ ವಿಶ್ವಸಂಸ್ಥೆಯ ವರದಿಗೂ ಬೇಕಾಗುವುದು ಈ ಲೆಕ್ಕವೇ.

ಇಸ್ರೇಲ್ 2002ರಲ್ಲಿ, ಆತ್ಮಾಹುತಿ ದಾಳಿ ತಡೆಯಲೆಂದು ಹೇಳಿ, ಕಟ್ಟತೊಡಗಿದ ಗೋಡೆ-ಬೇಲಿಯ ಯೋಜಿತ ಉದ್ದ ಸುಮಾರು 712 ಕಿ.ಮೀ. ಅದರಲ್ಲಿ ಸುಮಾರು ಶೇ 85ರಷ್ಟು ಹಾದುಹೋಗುವುದು ಪಶ್ಚಿಮ ದಂಡೆಯ ಒಳಗೆ. ಹೀಗಾಗಿ ಜಯ್ಯೂಸ್‌ನಂಥ ಊರುಗಳಲ್ಲಿ ಮನೆ ಈಚೆ ಉಳಿದು ಆಲಿವ್ ತೋಟ ಆಚೆ ಹೋಯಿತು. ಬೇಲಿಗೂ 1949ರ ಕದನವಿರಾಮದ ಗಡಿಯಾದ ‘ಹಸಿರು ರೇಖೆ’ಗೂ ನಡುವಿನ ಈ ಜಾಗಕ್ಕೆ ‘ಸೀಮ್ ಜೋನ್’ ಎನ್ನುತ್ತಾರೆ. 2003ರಿಂದ ಅಲ್ಲಿಗೆ ಹೋಗಲು ತಸ್ರೀಹ್, ಅಂದರೆ ಸೇನೆಯ ಪರ್ಮಿಟ್ ಬೇಕು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2004ರ ಜುಲೈ 9ರಂದು ಪಶ್ಚಿಮ ದಂಡೆಯೊಳಗಿನ ಗೋಡೆ ಕಾನೂನುಬಾಹಿರ ಎಂದು ಸಲಹಾ ಅಭಿಪ್ರಾಯ ಕೊಟ್ಟಿತು. ಇಸ್ರೇಲಿನ ಹೈಕೋರ್ಟ್ 2011ರಲ್ಲಿ ಪರ್ಮಿಟ್ ಪದ್ಧತಿಯನ್ನು ಎತ್ತಿಹಿಡಿಯಿತು. 2025ರ ಆರಂಭದಲ್ಲಿ ವಿಶ್ವಸಂಸ್ಥೆಯ ಮಾನವೀಯ ನೆರವಿನ ಸಮನ್ವಯ ಕಚೇರಿ (ಒಸಿಎಚ್‌ಎ) ಪಶ್ಚಿಮ ದಂಡೆಯಲ್ಲಿ 849 ಅಡೆತಡೆಗಳನ್ನು ಎಣಿಸಿತ್ತು: ಚೆಕ್‌ಪೋಸ್ಟ್, ರಸ್ತೆಗೆ ಅಡ್ಡಲಾದ ಕಬ್ಬಿಣದ ಗೇಟು, ಮಣ್ಣಿನ ದಿಬ್ಬ, ಕಂದಕ ಎಲ್ಲ ಸೇರಿ.

ಹೊರಡುವ ಮುಂಚೆ

ಒಬ್ಬರೇ ಹೋಗಬೇಡಿ. ಚರ್ಚುಗಳ ಜಾಗತಿಕ ಮಂಡಳಿ 2002ರಲ್ಲಿ ಶುರು ಮಾಡಿದ ಇಎಪಿಪಿಐನಂಥ, ತರಬೇತಿ ಕೊಟ್ಟು ಕಳಿಸುವ ಸಂಸ್ಥೆಯ ಮೂಲಕವೇ ಹೋಗಿ. ಯಾವ ಗೇಟು, ಯಾವ ಹೊತ್ತು ಎಂಬುದನ್ನು ತೀರ್ಮಾನಿಸಬೇಕಾದವರು ಆ ಊರಿನ ಗ್ರಾಮ ಸಮಿತಿಯವರು, ನೀವಲ್ಲ.

ಭಾರತದ ಪಾಸ್‌ಪೋರ್ಟ್ ಇದ್ದರೆ ವೀಸಾ ಮೊದಲೇ ಆಗಬೇಕು. ಇಸ್ರೇಲನ್ನು ಬಹಿಷ್ಕರಿಸಿ ಎಂದು ಬಹಿರಂಗವಾಗಿ ಕರೆಕೊಟ್ಟವರಿಗೆ ಪ್ರವೇಶ ನಿರಾಕರಿಸಲು 2017ರ ಕಾನೂನಿನಲ್ಲಿ ಅವಕಾಶವಿದೆ. ಹಾಗಾಗಿ ವಿಮಾನ ನಿಲ್ದಾಣದಿಂದಲೇ ವಾಪಸಾಗುವ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿದು ಟಿಕೆಟ್ ಮಾಡಿಸಿ. ದಕ್ಷಿಣ ಕನ್ನಡ, ಉಡುಪಿ ಕಡೆಯ ಅನೇಕರು ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾರೆ. ಅಂಥವರು ರಜೆಯ ದಿನ ಗೇಟಿನ ಬಳಿ ನಿಲ್ಲುವ ಸಾಹಸಕ್ಕೆ ಕೈಹಾಕದಿರುವುದೇ ಒಳ್ಳೆಯದು. ಕೆಲಸದ ವೀಸಾ ರದ್ದಾದರೆ ಊರಿನ ಸಾಲ ತೀರಿಸುವವರು ಯಾರು?

ಚೀಲದಲ್ಲಿ ಇರಬೇಕಾದವು: ಪಾಸ್‌ಪೋರ್ಟು ಮತ್ತು ಗಡಿಯಲ್ಲಿ ಕೊಟ್ಟ ಪ್ರವೇಶ ಚೀಟಿ (ನಕಲಲ್ಲ, ಮೂಲವೇ), ಎರಡು ಲೀಟರ್ ನೀರು, ಪವರ್ ಬ್ಯಾಂಕ್, ಎರಡು ಪೆನ್ನು, ಗಟ್ಟಿ ರಟ್ಟಿನ ನೋಟ್‌ಬುಕ್, ಬೆರಳಲ್ಲಿ ಒತ್ತುವ ಟ್ಯಾಲಿ ಕೌಂಟರ್ ಎರಡು. ದೊಡ್ಡ ಚೆಕ್‌ಪೋಸ್ಟ್ ಇರುವ ಬೆತ್ಲೆಹೆಮ್ ಬೆಟ್ಟದ ಮೇಲಿರುವ ಊರು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಬೆಳಗಿನ ನಾಲ್ಕಕ್ಕೆ ಮಳೆ, ಚಳಿ ಎರಡೂ ಇರುತ್ತವೆ. ಬೆಂಗಳೂರಿನ ಸ್ವೆಟರ್ ಸಾಲದು.

ಕೃಷಿ ಗೇಟಿನಲ್ಲಿ

ಸೀಮ್ ಜೋನಿನ ಗೇಟುಗಳಲ್ಲಿ ಮೂರು ಬಗೆ: ದಿನವೂ ತೆರೆಯುವವು, ವಾರದ ಕೆಲವು ದಿನ ತೆರೆಯುವವು, ಆಲಿವ್ ಕೊಯ್ಲಿಗೆ ಮಾತ್ರ ತೆರೆಯುವವು. ದಿನದ ಗೇಟೂ ಇಡೀ ದಿನ ತೆರೆದಿರುವುದಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದಿಷ್ಟು ಹೊತ್ತು ತೆರೆದು ಬೀಗ ಹಾಕುತ್ತಾರೆ. ಸಂಜೆಯ ಸರದಿ ತಪ್ಪಿದವರು ತೋಟದಲ್ಲೇ ಸಿಕ್ಕಿಕೊಳ್ಳುತ್ತಾರೆ, ಆದ್ದರಿಂದ ಬೆಳಗಿನಷ್ಟೇ ಸಂಜೆಯ ಲೆಕ್ಕವೂ ಮುಖ್ಯ. ಹೊಸಬರು ಇದನ್ನೇ ಬಿಟ್ಟುಬಿಡುತ್ತಾರೆ.

ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮುಂಚೆ ಹೋಗಿ. ಕನಿಷ್ಠ ಇಬ್ಬರು ಬೇಕು: ಒಬ್ಬರು ಎಣಿಸಲು, ಒಬ್ಬರು ಸಮಯ ಬರೆಯಲು. ಅರಬ್ಬಿ ಬಲ್ಲ ಮೂರನೆಯವರಿದ್ದರೆ ವಾಪಸಾದವರನ್ನು ಮಾತಾಡಿಸುವ ಕೆಲಸ ಅವರದು. ಪುಟದ ಮೇಲೆ ಗೇಟಿನ ಸಂಖ್ಯೆ, ತಾರೀಕು, ನಿಗದಿಯಾದ ಸಮಯ ಬರೆದುಕೊಂಡು ಇವನ್ನು ತುಂಬಿ: ಜೀಪು ಬಂದದ್ದು, ಬೀಗ ತೆಗೆದದ್ದು, ಮೊದಲಿಗರು ದಾಟಿದ್ದು, ಮುಚ್ಚಿದ್ದು, ದಾಟಿದ ಗಂಡಸರು, ಹೆಂಗಸರು, ಮಕ್ಕಳು, ಟ್ರ್ಯಾಕ್ಟರ್, ಕತ್ತೆಗಾಡಿ, ವಾಪಸಾದವರು, ಮುಚ್ಚುವಾಗ ಇನ್ನೂ ಕಾಯುತ್ತಿದ್ದವರು.

ವಾಪಸಾದವರ ಕಾರಣವನ್ನು ‘ಬಿಡಲಿಲ್ಲ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಪರ್ಮಿಟ್ ಅವಧಿ ಮುಗಿದಿತ್ತೇ? ಪರ್ಮಿಟ್‌ನಲ್ಲಿ ಬೇರೆ ಗೇಟು ನಮೂದಾಗಿತ್ತೇ? ಟ್ರ್ಯಾಕ್ಟರ್‌ಗೆ ಬೇರೆ ಅನುಮತಿ ಕೇಳಿದರೇ? ಭದ್ರತಾ ಕಾರಣ ಎಂದರೇ? ಒಂದೊಂದಕ್ಕೂ ವಕೀಲರ ದಾರಿ ಬೇರೆ.

2023ರ ಅಕ್ಟೋಬರ್ ನಂತರ ಹಲವು ಕೃಷಿ ಗೇಟುಗಳು ದೀರ್ಘಕಾಲ ಮುಚ್ಚಿದ್ದವು, ಇಸ್ರೇಲಿಗೆ ಕೂಲಿಗೆ ಹೋಗುವವರ ಪರ್ಮಿಟ್‌ಗಳಲ್ಲಿ ಬಹುಪಾಲು ರದ್ದಾದವು. ಗೇಟು ತೆರೆಯದ ದಿನವೂ ಪುಟ ತುಂಬಬೇಕು: ‘5.30ರಿಂದ 7ರವರೆಗೆ ಕಾದೆವು, 11 ಜನ ಬಂದಿದ್ದರು, ಜೀಪು ಬರಲಿಲ್ಲ’ ಎಂಬಂತೆ. ಖಾಲಿ ಪುಟ ಕಂಡವರಿಗೆ ಗೇಟು ತೆರೆಯಲಿಲ್ಲವೋ, ನೀವೇ ಹೋಗಲಿಲ್ಲವೋ ತಿಳಿಯುವುದಿಲ್ಲ.

ಹೆಚ್ಚಿನ ಎಡವಟ್ಟು ಆಗುವುದು ಗಡಿಯಾರದಿಂದ. ಬೇಸಿಗೆಯ ಸಮಯಕ್ಕೆ ಗಡಿಯಾರ ಬದಲಿಸುವ ದಿನ ಇಸ್ರೇಲಿಗೂ ಪ್ಯಾಲೆಸ್ತೀನ್ ಪ್ರಾಧಿಕಾರಕ್ಕೂ ಒಂದೇ ಇರುವುದಿಲ್ಲ. ವರ್ಷದಲ್ಲಿ ಕೆಲವು ದಿನ ಬೇಲಿಯ ಎರಡು ಕಡೆ ಒಂದು ಗಂಟೆಯ ವ್ಯತ್ಯಾಸವಿರುತ್ತದೆ. ಬೇಲಿಯ ಪಕ್ಕದಲ್ಲಿ ಫೋನು ಒಮ್ಮೆ ಈ ನೆಟ್‌ವರ್ಕ್, ಒಮ್ಮೆ ಆ ನೆಟ್‌ವರ್ಕ್ ಹಿಡಿದು ತಾನಾಗಿ ಸಮಯ ತಿದ್ದಿಕೊಳ್ಳುತ್ತದೆ. ಫೋನಿನ ಸ್ವಯಂಚಾಲಿತ ಸಮಯ ಆಫ್ ಮಾಡಿ, ಅಗ್ಗದ ಕೈಗಡಿಯಾರ ಕಟ್ಟಿಕೊಳ್ಳಿ, ಯಾವ ಸಮಯ ಅನುಸರಿಸಿದ್ದೀರಿ ಎಂದು ಪುಟದ ಮೇಲೇ ಬರೆಯಿರಿ. ಇಲ್ಲದಿದ್ದರೆ ‘ಗೇಟು ಒಂದು ಗಂಟೆ ತಡ’ ಎಂಬ ನಿಮ್ಮ ದೂರನ್ನು ಒಂದೇ ಫೋನ್ ಕರೆಯಲ್ಲಿ ತಳ್ಳಿಹಾಕುತ್ತಾರೆ.

ದೊಡ್ಡ ಚೆಕ್‌ಪೋಸ್ಟಿನಲ್ಲಿ

ಬೆತ್ಲೆಹೆಮ್‌ನ 300ನೇ ಚೆಕ್‌ಪೋಸ್ಟು, ರಾಮಲ್ಲಾ-ಜೆರುಸಲೇಮ್ ನಡುವಿನ ಖಲಂದಿಯಾದಂಥ ಕಡೆ ತಲೆ ಎಣಿಸುವುದಷ್ಟೇ ಸಾಲದು, ಕಾಯುವ ಹೊತ್ತನ್ನು ಅಳೆಯಬೇಕು. ಸಾಲಿನ ಕೊನೆಯಲ್ಲಿ ಒಬ್ಬರು, ಹೊರಬಾಗಿಲಲ್ಲಿ ಒಬ್ಬರು ನಿಲ್ಲಿ. ಕೊನೆಯಲ್ಲಿರುವವರು ಸುಲಭವಾಗಿ ಗುರುತು ಸಿಗುವ ಒಬ್ಬರನ್ನು (ಕೆಂಪು ಟೋಪಿ, ಹಳದಿ ಚೀಲ) ಆರಿಸಿ ಸಮಯದೊಂದಿಗೆ ಮೆಸೇಜ್ ಮಾಡಲಿ. ಅವರು ಹೊರಬಂದಾಗ ಇನ್ನೊಬ್ಬರು ಬರೆದುಕೊಳ್ಳಲಿ. ಹದಿನೈದು ನಿಮಿಷಕ್ಕೊಮ್ಮೆ ಹೀಗೆ ಮಾಡಿ. ಹೊರಬಾಗಿಲಿಗೆ ಹೋಗಲಾಗದಿದ್ದರೆ ತಿರುಗುಗಂಬಿಯ ಗೇಟು ದಾಟುವವರನ್ನು ಹದಿನೈದು ನಿಮಿಷ ಎಣಿಸಿ. ಸಾಲಿನಲ್ಲಿ 300 ಜನ, ಹದಿನೈದು ನಿಮಿಷಕ್ಕೆ 60 ಜನ ದಾಟಿದರೆ ಕೊನೆಯವರಿಗೆ 75 ನಿಮಿಷ. ಇದು ಅಂದಾಜು ಎಂದು ನಮೂದಿಸಿ. ಅಲ್ಲಿ ಭಾನುವಾರ ಕೆಲಸದ ವಾರದ ಮೊದಲ ದಿನ, ಅದನ್ನು ಬಿಡಬೇಡಿ. ವೃದ್ಧರು, ರೋಗಿಗಳು, ಹೆಂಗಸರಿಗೆಂದು ಇರುವ ‘ಮಾನವೀಯ ಗೇಟು’ ತೆರೆದದ್ದು, ಮುಚ್ಚಿದ್ದನ್ನು ಪ್ರತ್ಯೇಕವಾಗಿ ಬರೆಯಿರಿ.

ಸೈನಿಕರೊಡನೆ ವಾದ ಬೇಡ. ನಿಮ್ಮ ವಾದಕ್ಕೆ ಗೇಟು ನಿಂತರೆ ಕಾಯುವವರು ಸಾಲಿನಲ್ಲಿರುವವರು. ನಿಗದಿತ ಸಮಯ ಮೀರಿ ಅರ್ಧ ಗಂಟೆಯಾದರೂ ಗೇಟು ತೆರೆಯದಿದ್ದರೆ ಸೇನೆಯ ಜಿಲ್ಲಾ ಸಮನ್ವಯ ಕಚೇರಿಗೂ ಹಮೋಕೆಡ್‌ನಂಥ ಇಸ್ರೇಲಿ ಮಾನವ ಹಕ್ಕು ಸಂಸ್ಥೆಗೂ ಫೋನ್ ಮಾಡಿ. ಹೇಳಬೇಕಾದದ್ದು ಮೂರೇ: ಗೇಟಿನ ಸಂಖ್ಯೆ, ಎಷ್ಟು ಜನ, ಎಷ್ಟು ಹೊತ್ತಿನಿಂದ. ಕರೆಯ ಸಮಯವನ್ನೂ ಬಂದ ಉತ್ತರವನ್ನೂ ಬರೆದಿಡಿ.

ಇದು ‘ಮುಚ್ಚಿದ ಸೇನಾ ವಲಯ’, ಹೊರಡಿ ಎಂದು ಸೈನಿಕರು ಹೇಳಿದರೆ ಲಿಖಿತ ಆದೇಶ, ನಕ್ಷೆ, ಅವಧಿ, ಸಹಿ ತೋರಿಸಲು ವಿನಯದಿಂದ ಕೇಳಿ. ತೋರಿಸಿದರೆ ಹೊರಟುಬಿಡಿ. ತೋರಿಸದಿದ್ದರೂ ನಿಲ್ಲಬೇಕೋ ಬೇಡವೋ ಎಂಬುದನ್ನು ಊರಿನವರು ಹೇಳಲಿ. ನೀವು ಸಿಕ್ಕಿಬಿದ್ದರೆ ಗಡೀಪಾರು, ಪಕ್ಕದಲ್ಲಿದ್ದ ರೈತ ಸಿಕ್ಕಿಬಿದ್ದರೆ ಮಿಲಿಟರಿ ಕೋರ್ಟು. 1967ರ 101ನೇ ಸೇನಾ ಆದೇಶದಡಿ ಹತ್ತು ಅಥವಾ ಅದಕ್ಕಿಂತ ಹೆಚ್ಚು ಪ್ಯಾಲೆಸ್ತೀನಿಯರು ಅನುಮತಿಯಿಲ್ಲದೆ ರಾಜಕೀಯ ಉದ್ದೇಶಕ್ಕೆ ಸೇರುವುದೇ ಅಪರಾಧ. ಹೊರದೇಶದವರು ಎಂಬುದು ನಿಮಗೂ ರಕ್ಷಾಕವಚವಲ್ಲ: 2024ರ ಸೆಪ್ಟೆಂಬರ್ 6ರಂದು ಪಶ್ಚಿಮ ದಂಡೆಯ ಬೇತಾ ಊರಿನಲ್ಲಿ ಅಮೆರಿಕದ ಪ್ರಜೆ ಐಶೆನೂರ್ ಎಜ್ಗಿ ಎಯ್ಗಿ ಇಸ್ರೇಲಿ ಸೇನೆಯ ಗುಂಡಿಗೆ ಬಲಿಯಾದರು.

ಸಾಲಿನಲ್ಲಿರುವವರ ಮುಖದ ಫೋಟೊ ತೆಗೆಯಬೇಡಿ. ಜಾಲತಾಣದಲ್ಲಿ ಕಂಡ ಒಂದು ಚಿತ್ರದಿಂದ ಒಬ್ಬರ ಪರ್ಮಿಟ್ ಹೋಗಬಹುದು. ನೋಟ್‌ಬುಕ್ಕಿನಲ್ಲೂ ಹೆಸರು ಬೇಡ, ‘ಗಂಡಸು, ಸುಮಾರು 60, ಅವಧಿ ಮುಗಿದ ಪರ್ಮಿಟ್’ ಸಾಕು. ಯಾರಾದರೂ ವಕೀಲರ ನೆರವು ಬಯಸಿದರೆ ಸಂಸ್ಥೆಯ ನಂಬರನ್ನು ಅವರಿಗೆ ಕೊಡಿ, ಅವರ ನಂಬರನ್ನು ನೀವು ಇಟ್ಟುಕೊಳ್ಳಬೇಡಿ.

ವರದಿ ಅದೇ ದಿನ ಟೈಪ್ ಆಗಲಿ. ಕಣ್ಣಾರೆ ಕಂಡದ್ದು ಒಂದು ಕಡೆ, ಬೇರೆಯವರು ಹೇಳಿದ್ದು ಇನ್ನೊಂದು ಕಡೆ. ‘ಅಮಾನುಷ’, ‘ಬಹಳ ಹೊತ್ತು’ ಎಂಬ ಮಾತುಗಳನ್ನು ತೆಗೆದು ಸಂಖ್ಯೆ ಇಡಿ. ಇಬ್ಬರ ಕೌಂಟರ್‌ಗಳಲ್ಲಿ ವ್ಯತ್ಯಾಸವಿದ್ದರೆ ಎರಡೂ ಸಂಖ್ಯೆ ಬರೆಯಿರಿ, ಸರಾಸರಿ ಮಾಡಬೇಡಿ. ಪುಟದ ಫೋಟೊವನ್ನು ಸಂಸ್ಥೆಯ ಎನ್‌ಕ್ರಿಪ್ಟ್ ಆದ ಸರ್ವರ್‌ಗೆ ಹಾಕಿ ಫೋನಿನಿಂದ ಅಳಿಸಿ. ನೋಟ್‌ಬುಕ್ ಕಚೇರಿಯಲ್ಲೇ ಇರಲಿ, ಮುಂದಿನ ಪಾಳಿಯವರು ಅದೇ ಪುಸ್ತಕದಲ್ಲಿ ಮುಂದುವರಿಸಲಿ.