ಸಿಂಗಪುರದಲ್ಲಿ ಪಾವು ಕೊಳ್ಳುವವರಿಗೆ ಕೆಲವು ಸಲಹೆಗಳು

ಸಿಂಗಪುರದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿ ಕೆಲವು ತಿಂಗಳು ಉಳಿಯುವ ಹಿರಿಯರೂ, ಅಲ್ಲಿ ಹೊಸದಾಗಿ ಸಂಸಾರ ಹೂಡಿದ ಕಿರಿಯರೂ, ವಸತಿ ಕಟ್ಟಡದ ಕೆಳಗಿನ ಅಂಗಡಿಯಲ್ಲಿ ಹಬೆಯಾಡುವ ಬಿಳಿಯ ಬನ್ನುಗಳನ್ನು ಕಂಡು, ತಿನ್ನಬಹುದೋ ಬಾರದೋ ತಿಳಿಯದೆ ಮುಂದೆ ಹೋಗಿಬಿಡುವುದುಂಟು. ಚೀನೀ ಮೂಲದ, ಅಲ್ಲಿ ಎಲ್ಲರೂ ಪಾವು ಎಂದೇ ಕರೆಯುವ ಈ ತಿಂಡಿಯನ್ನು ಹುದುಗಿಸಿದ ಮೈದಾ ಹಿಟ್ಟಿನೊಳಗೆ ಸಿಹಿಯನ್ನೋ ಪಲ್ಯವನ್ನೋ ಮಾಂಸವನ್ನೋ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಕಾರ್ಖಾನೆಯಿಂದ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಬಂದು ಅಂಗಡಿಯಲ್ಲಿ ಬಿಸಿಯಾಗುವ ಪಾವು ಎಲ್ಲೆಡೆ ಸಿಗುತ್ತದೆ. ಬೆಳಿಗ್ಗೆ ಎದ್ದು ಕೈಯಲ್ಲೇ ಲಟ್ಟಿಸಿ ಮಡಿಸಿ ಮಾಡುವವರ ಅಂಗಡಿ ಪ್ರತಿ ಬಡಾವಣೆಯಲ್ಲೂ ಇರುವುದಿಲ್ಲ. ಅಂಥದ್ದು ನಿಮ್ಮ ನೆರೆಯಲ್ಲಿದ್ದರೆ ಅದನ್ನು ಬಿಡಬೇಡಿ. ಆದರೆ ಕೈಯಲ್ಲಿ ಮಾಡಿದ ಪಾವು ಬಹಳ ಹೊತ್ತು ಇಟ್ಟರೆ ಕೆಡುವ ತಿಂಡಿ. ಆದ್ದರಿಂದ ಕೇಳಿ ಕೊಳ್ಳಿ, ಸ್ವಲ್ಪವೇ ಕೊಳ್ಳಿ, ಬಿಸಿಯಿರುವಾಗಲೇ ತಿನ್ನಿ.

ಗುರುತಿಸುವ ಬಗೆ ಹೀಗೆ. ಉಪ್ಪು ಖಾರದ ಪಾವಿನ ನೆತ್ತಿಯಲ್ಲಿ ನೆರಿಗೆ ಇರುತ್ತದೆ. ಸಿಹಿಯದರಲ್ಲಿ ಸಾಮಾನ್ಯವಾಗಿ ನೆರಿಗೆಯನ್ನು ತಳಕ್ಕೆ ತಿರುಗಿಸಿ ಮೇಲ್ಭಾಗವನ್ನು ನುಣುಪಾಗಿ ಬಿಡುತ್ತಾರೆ. ಕೈಮಡಿಕೆಯ ನೆರಿಗೆಗಳು ಒಂದರಂತೆ ಒಂದಿರುವುದಿಲ್ಲ. ಚೆನ್ನಾಗಿ ಬಲ್ಲವರು ಹಿಟ್ಟಿನ ಉಂಡೆಯನ್ನು ಲಟ್ಟಿಸುವಾಗ ನಡುವನ್ನು ದಪ್ಪವಾಗಿಯೂ ಅಂಚನ್ನು ತೆಳ್ಳಗೂ ಇಡುತ್ತಾರೆ, ಏಕೆಂದರೆ ಅಂಚುಗಳೆಲ್ಲ ಒಂದೆಡೆ ಸೇರಿದಾಗ ಅಲ್ಲಿ ಹಿಟ್ಟಿನ ಗಟ್ಟಿ ಗಂಟು ಉಳಿಯಬಾರದು. ಪಾವನ್ನು ಎರಡಾಗಿ ಮುರಿದು ನೋಡಿದರೆ ತಳ, ಮೇಲ್ಭಾಗ ಎರಡೂ ಒಂದೇ ದಪ್ಪವಾಗಿರಬೇಕು. ಬೆರಳಿನಿಂದ ಮೆಲ್ಲನೆ ಒತ್ತಿದರೆ ಹಿಟ್ಟು ಮತ್ತೆ ಮೇಲೇಳಬೇಕು. ಅಪ್ಪಟ ಬಿಳುಪನ್ನು ಒಳ್ಳೆಯತನದ ಗುರುತೆಂದು ತಿಳಿಯಬೇಡಿ: ಪಾವಿಗೆಂದೇ ಮಾರುವ, ಬಿಳುಪುಗೊಳಿಸಿದ ಮೃದು ಹಿಟ್ಟಿನಿಂದ ಆ ಬಣ್ಣ ಬರುತ್ತದೆ, ಸಾಧಾರಣ ಮೈದಾದಲ್ಲಿ ಮಾಡಿದ್ದು ಸ್ವಲ್ಪ ಕೆನೆಬಣ್ಣದ್ದೇ. ಮೇಲೆ ಹಳದಿ ಚುಕ್ಕೆಗಳಿದ್ದರೆ ಬೇಕಿಂಗ್ ಪೌಡರ್ ಅಥವಾ ಕ್ಷಾರ ಸರಿಯಾಗಿ ಬೆರೆತಿಲ್ಲವೆಂದು ಅರ್ಥ. ಸುಕ್ಕುಗಟ್ಟಿ ಕುಗ್ಗಿದ್ದರೆ ಹಿಟ್ಟು ಅತಿಯಾಗಿ ಹುದುಗಿರಬೇಕು, ಇಲ್ಲವೇ ಬೇಯುತ್ತಿದ್ದ ಪಾತ್ರೆಯ ಮುಚ್ಚಳವನ್ನು ತಟ್ಟನೆ ತೆಗೆದಿರಬೇಕು. ಚಾರ್ ಸಿಯು ಪಾವಿನ ನೆತ್ತಿ ಹೂವಿನಂತೆ ಒಡೆದಿದ್ದರೆ ಮಾತ್ರ ಅದನ್ನು ದೋಷವೆಂದು ತಿಳಿಯಬೇಡಿ. ಅದನ್ನು ಒಡೆಯುವಂತೆಯೇ ಮಾಡುತ್ತಾರೆ, ಒಳಗಿರುವುದು ಹಂದಿ ಮಾಂಸ.

ಸಸ್ಯಾಹಾರಿಗಳು ಹೆಚ್ಚು ಎಚ್ಚರ ವಹಿಸಬೇಕಾದದ್ದು ಸಿಹಿ ಪಾವಿನಲ್ಲೇ ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ತೌ ಸಾರ್ ಪಾವಿನಲ್ಲಿ ಕೆಂಪು ಹುರುಳಿಯಂಥ ಅಜುಕಿ ಕಾಳನ್ನು ಬೇಯಿಸಿ ಅರೆದು ಸಕ್ಕರೆಯೊಡನೆ ಗಟ್ಟಿಯಾಗುವವರೆಗೆ ಬಾಣಲೆಯಲ್ಲಿ ತಿರುವಿದ ಸಿಹಿ ಇರುತ್ತದೆ, ನಮ್ಮ ಹೋಳಿಗೆಯ ಹೂರಣದ ಹಾಗೆ. ಆದರೆ ನಾವು ತುಪ್ಪ ಹಾಕುವ ಜಾಗದಲ್ಲಿ ಹಳೆಯ ಕ್ರಮದವರು ಹಂದಿಯ ಕೊಬ್ಬನ್ನು ಹಾಕುತ್ತಾರೆ. ತಾವರೆ ಬೀಜದ ಸಿಹಿಯಲ್ಲೂ ಅದು ಇರಬಹುದು, ಹಿಟ್ಟಿನಲ್ಲೂ ಇರಬಹುದು. ತರಕಾರಿ ಪಾವಿಗೆ ಹಲವು ಕಡೆ ರುಚಿಗೆಂದು ಒಣಸಿಗಡಿಯನ್ನೋ ಸಿಂಪಿಯ ಸಾಸನ್ನೋ ಸೇರಿಸುತ್ತಾರೆ. ಕಾಯ ಎಂದರೆ ತೆಂಗಿನ ಹಾಲು, ಮೊಟ್ಟೆ, ಸಕ್ಕರೆ ಸೇರಿಸಿ ಕಾಯಿಸಿದ ಜಾಮಿನಂಥ ಸಿಹಿ; ಅದನ್ನು ತುಂಬಿದ ಕಾಯ ಪಾವಿನಲ್ಲೂ ಕಸ್ಟರ್ಡ್ ಪಾವಿನಲ್ಲೂ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಆದ್ದರಿಂದ ‘ವೆಜಿಟೇರಿಯನ್ನೇ?’ ಎಂದಷ್ಟೇ ಕೇಳಿದರೆ ಸಾಲದು; ಮಾಂಸದ ತುಂಡು ಇಲ್ಲದ್ದೆಲ್ಲ ಸಸ್ಯಾಹಾರವೆಂಬ ಎಣಿಕೆಯಲ್ಲಿ ಅಂಗಡಿಯವರು ಹೌದೆಂದುಬಿಡಬಹುದು. ‘ಆಂಟಿ, ಇದರಲ್ಲಿ ಹಂದಿ ಕೊಬ್ಬು ಇದೆಯೇ, ಸಿಗಡಿ ಇದೆಯೇ, ಮೊಟ್ಟೆ ಇದೆಯೇ’ ಎಂದು ಒಂದೊಂದನ್ನೂ ಹೆಸರಿಸಿ ಕೇಳಿ. ವ್ಯಾಪಾರದ ಹೊತ್ತಿನಲ್ಲೂ ಬಹುಪಾಲು ಮಂದಿ ಸಮಾಧಾನದಿಂದ ಉತ್ತರ ಕೊಡುತ್ತಾರೆ. ಒಂದೇ ಇಕ್ಕಳದಲ್ಲಿ ಎಲ್ಲವನ್ನೂ ಎತ್ತುವುದನ್ನೂ, ಮೇಲಿನ ತಟ್ಟೆಯ ಮಾಂಸದ ರಸ ಕೆಳಗಿನ ತಟ್ಟೆಗೆ ಇಳಿಯುವುದನ್ನೂ ಒಪ್ಪದವರು ಮಿಶ್ರ ಅಂಗಡಿಗೆ ಹೋಗದಿರುವುದೇ ನೇರವಾದ ದಾರಿ.

ಅವರಿಗೆ ಬೌದ್ಧ ಸಸ್ಯಾಹಾರದ ಅಂಗಡಿಗಳಿವೆ. ಅಲ್ಲಿ ಮಾಂಸ ಮೀನು ಇರುವುದಿಲ್ಲ, ಬಹಳಷ್ಟು ಕಡೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಹಬ್ಬ ವ್ರತಗಳಂದು ಇವನ್ನು ಬಿಡುವ ನಮ್ಮ ಮನೆಗಳವರಿಗೆ ಇದಕ್ಕಿಂತ ಅನುಕೂಲ ಬೇರೆಯಿಲ್ಲ. ಚೀನೀ ತಿಂಗಳ ಮೊದಲನೆಯ ಮತ್ತು ಹದಿನೈದನೆಯ ದಿನ, ಅಂದರೆ ಹೆಚ್ಚುಕಡಿಮೆ ಅಮಾವಾಸ್ಯೆ ಹುಣ್ಣಿಮೆಗಳಂದು, ಅಲ್ಲಿನ ಅನೇಕ ಚೀನೀಯರು ಸಸ್ಯಾಹಾರ ವ್ರತ ಹಿಡಿಯುವುದರಿಂದ ಆ ಅಂಗಡಿಗಳಲ್ಲಿ ಜನ ತುಂಬಿರುತ್ತಾರೆ, ಬೇಗನೆ ಹೋಗಿ. ಹಲಾಲ್ ಪ್ರಮಾಣಪತ್ರವಿರುವ ಅಂಗಡಿಯ ತೌ ಸಾರ್ ಪಾವಿನಲ್ಲಿ ಹಂದಿ ಕೊಬ್ಬು ಇರಲಾರದು ಎಂಬುದನ್ನೂ ನೆನಪಿಡಿ. ಬೇರೆ ಮಾಂಸ, ಮೊಟ್ಟೆಗಳ ವಿಚಾರವನ್ನು ಅಲ್ಲಿಯೂ ಕೇಳಲೇಬೇಕು.

ತಿನ್ನುವಾಗ ತಳಕ್ಕೆ ಅಂಟಿದ ಕಾಗದವನ್ನು ಮೊದಲು ಬಿಡಿಸಿ, ಮಕ್ಕಳಿಗೆ ಮುರಿದು ಆರಿಸಿ ಕೊಡಿ. ಹೊರಗಿನ ಹಿಟ್ಟು ಬೆಚ್ಚಗಿದ್ದರೂ ಒಳಗಿನ ಸಿಹಿ ಸುಡುತ್ತಿರುತ್ತದೆ, ಅದರಲ್ಲೂ ಉಪ್ಪಿನ ಮೊಟ್ಟೆಯ ಕಸ್ಟರ್ಡ್ ಹರಿದು ತುಟಿಯನ್ನು ಸುಡುತ್ತದೆ. ಹಲವು ತಿಂಡಿ ಮಳಿಗೆಗಳು ಒಂದೇ ಸೂರಿನಡಿ ಇರುವ ಹಾಕರ್ ಕೇಂದ್ರದಲ್ಲೇ ಕುಳಿತು ತಿಂದರೆ ತಟ್ಟೆಯನ್ನು ಹಿಂದಿರುಗಿಸಿ ಬನ್ನಿ; 2021ರಿಂದ ಅದು ಕಡ್ಡಾಯ, ಹಲಾಲ್ ತಟ್ಟೆಗಳಿಗೆ ಬೇರೆಯೇ ಕಪಾಟು ಇರುತ್ತದೆ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಮೈದಾ, ಸಕ್ಕರೆ ಎರಡೂ ಕೂಡಿದ ಈ ಸಿಹಿ ಪಾವು ಅರ್ಧ ಸಾಕು.

ಮನೆಗೆ ತಂದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತನ್ನ ಹಬೆಯಲ್ಲೇ ಬೆವತು ಸಿಪ್ಪೆ ಜಿಗುಟಾಗುತ್ತದೆ, ಆದ್ದರಿಂದ ಚೀಲದ ಬಾಯಿ ತೆರೆದಿಡಿ. ಆ ಸೆಕೆಯ ಊರಿನಲ್ಲಿ, ಮುಖ್ಯವಾಗಿ ಮಾಂಸದ ಪಾವನ್ನು, ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಫ್ರಿಜ್ಜಿನ ತಂಪಿನಲ್ಲಿ ಹಿಟ್ಟಿನ ಪಿಷ್ಟ ಬೇಗನೆ ಗಟ್ಟಿಯಾಗುತ್ತದೆ. ಮರುದಿನಕ್ಕಿಂತ ಆಚೆಗೆ ಇಡುವುದಾದರೆ ಒಂದೊಂದನ್ನೂ ಬೇರೆ ಬೇರೆ ಸುತ್ತಿ ಫ್ರೀಜರಿನಲ್ಲಿಡುವುದೇ ಮೇಲು, ಬೇಕಾದಾಗ ಕರಗಿಸದೆ ನೇರವಾಗಿ ಹಬೆಗಿಡಬಹುದು. ಮೈಕ್ರೋವೇವಿನಲ್ಲಿ ಬಿಸಿ ಮಾಡಿದ ಪಾವು ನಿಮಿಷಗಳಲ್ಲೇ ತೊಗಲಿನಂತಾಗುತ್ತದೆ, ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಮಕ್ಕಳ ಮನೆಯಲ್ಲಿ ಇಡ್ಲಿ ಪಾತ್ರೆ ಇದ್ದೇ ಇರುತ್ತದೆ. ಕುಳಿಯಿರುವ ತಟ್ಟೆಗಳನ್ನು ತೆಗೆದು, ತೂತಿನ ಚಪ್ಪಟೆ ತಟ್ಟೆಯ ಮೇಲೆ ಎಲೆಕೋಸಿನ ಎಲೆಯನ್ನೋ ಬಾಳೆಲೆಯನ್ನೋ ಹಾಸಿ, ಪಾವುಗಳ ನಡುವೆ ಎರಡು ಬೆರಳಿನ ಅಂತರ ಬಿಟ್ಟಿಡಿ. ಬಿದಿರಿನ ಮುಚ್ಚಳ ಹಬೆಯ ನೀರನ್ನು ತಾನೇ ಹೀರಿಕೊಳ್ಳುತ್ತದೆ, ನಮ್ಮ ಲೋಹದ ಮುಚ್ಚಳ ಹೀರುವುದಿಲ್ಲ. ಹನಿ ಬಿದ್ದಲ್ಲಿ ಪಾವಿನ ಮೇಲೆ ಗುಳಿ ಬೀಳುವುದರಿಂದ ಮುಚ್ಚಳಕ್ಕೆ ಒಂದು ತೆಳುಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ಅದರ ತುದಿಗಳು ಉರಿಗೆ ತಾಗದಂತೆ ಮೇಲಕ್ಕೆ ಗಂಟು ಹಾಕಿ. ತಣ್ಣಗಾದ ಪಾವಿಗೆ ಐದಾರು ನಿಮಿಷ, ಫ್ರೀಜರಿನದಕ್ಕೆ ಗಾತ್ರ ನೋಡಿ ಹತ್ತರಿಂದ ಹದಿನೈದು ನಿಮಿಷ ಬೇಕಾಗುತ್ತದೆ; ಒಳಗಿನ ಸಿಹಿಯೋ ಪಲ್ಯವೋ ಚೆನ್ನಾಗಿ ಬಿಸಿಯಾಗಿರುವುದನ್ನು ಒಂದನ್ನು ಮುರಿದು ಖಚಿತಪಡಿಸಿಕೊಂಡು ಉಳಿದವನ್ನು ಬಡಿಸಿ.